ಲ್ಯಾಂಬೊರ್ಗಿನಿ ಕುಂತಾಚ್: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆಯ ಕಾರುಗಳ ವಿಷಯ ಎಲ್ಲಿಂದ ಶುರುವಾದರೂ ಮಾತು ಕೊನೆಗೆ ಈ ಕಾರಿಗೆ ಬಂದೇ ಬರುತ್ತದೆ. "ಬಾಗಿಲು ಮೇಲಕ್ಕೆ ಹೋಗುತ್ತಲ್ಲ, ಆ ಕಾರು" ಅಂತ ಒಬ್ಬರು ಕೇಳುತ್ತಾರೆ. "ಗೋಡೆ ಮೇಲೆ ಪೋಸ್ಟರ್ ಇರ್ತಿತ್ತಲ್ಲ, ಅದೇ" ಅಂತ ಇನ್ನೊಬ್ಬರು. ಇಷ್ಟು ವರ್ಷಗಳಲ್ಲಿ ಗೆಳೆಯರು, ಅವರ ಮಕ್ಕಳು, ಪರಿಚಯದವರು ನನ್ನ ಹತ್ತಿರ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಈ ಕಾರೆಂದರೆ ನನಗೆ ಪ್ರಾಣ. ಅದಕ್ಕೇ ಕೆಲವು ಉತ್ತರಗಳು ಉದ್ದವಾಗಿವೆ.

ಹೆಸರನ್ನು ಹೇಗೆ ಹೇಳಬೇಕು? ಕೌಂಟಾಚಾ, ಕೌಂಟಾಶಾ?

ಎರಡೂ ಅಲ್ಲ. ಕುಂತಾಚ್. 'ತಾ' ಮೇಲೆ ಒತ್ತು ಕೊಟ್ಟು ಹೇಳಬೇಕು. ಉತ್ತರ ಕರ್ನಾಟಕದವರಿಗೆ ನೆನಪಿಡುವುದು ಸುಲಭ. ನೆಲಕ್ಕೆ ಕುಂತಂಗೆ ಕಾಣುವ ಕಾರು, ಹೆಸರು ಕುಂತಾಚ್.

ಆ ಹೆಸರಿಗೆ ಅರ್ಥ ಏನು?

ಲ್ಯಾಂಬೊರ್ಗಿನಿ ಕಾರುಗಳಿಗೆ ಸಾಮಾನ್ಯವಾಗಿ ಗೂಳಿಗಳ ಹೆಸರು, ಗೂಳಿ ಸಾಕುವವರ ಹೆಸರು ಇಡುತ್ತಾರೆ. ಕಂಪನಿ ಕಟ್ಟಿದ ಫೆರುಚ್ಚೊ ಲ್ಯಾಂಬೊರ್ಗಿನಿ ಅವರದು ವೃಷಭ ರಾಶಿ. ಆದರೆ ಕುಂತಾಚ್‌ಗೂ ಗೂಳಿಗೂ ಸಂಬಂಧವೇ ಇಲ್ಲ. ಅದು ಇಟಲಿಯ ಟ್ಯೂರಿನ್ ಸೀಮೆಯ ಪೀಡ್‌ಮಾಂಟ್ ನುಡಿಯಲ್ಲಿ ಜನ ಬೆರಗಾದಾಗ ಬಾಯಿಂದ ತಾನಾಗಿ ಬರುವ ಒಂದು ಉದ್ಗಾರ. ನಮ್ಮ "ಅಬ್ಬಬ್ಬಾ!" ಇದ್ದ ಹಾಗೆ.

ಕಾರನ್ನು ವಿನ್ಯಾಸ ಮಾಡಿದ ಮಾರ್ಚೆಲ್ಲೊ ಗಾಂದಿನಿ ಅವರೇ ಈ ಕತೆ ಹೇಳಿದ್ದಾರೆ. ಕಾರು ತಯಾರಾಗುತ್ತಿದ್ದ ಜಾಗದಲ್ಲಿ ಒಬ್ಬ ಕೆಲಸಗಾರ ಇದ್ದ. ಎರಡು ಮೀಟರ್ ಹತ್ತಿರದ ಎತ್ತರ, ದೊಡ್ಡ ದೊಡ್ಡ ಕೈ. ಅವನಿಗೆ ಪೀಡ್‌ಮಾಂಟ್ ನುಡಿ ಬಿಟ್ಟರೆ ಬೇರೆ ಮಾತು ಬಾಯಿಗೆ ಬರುತ್ತಿರಲಿಲ್ಲ. ಅವನು ಆಗಾಗ ಹೇಳುತ್ತಿದ್ದ ಮಾತು ಇದು. ರಾತ್ರಿ ಹೊತ್ತು ಕೆಲಸ ಮಾಡುವಾಗ, ಸುಮ್ನೆ ಮಾತಿಗೆ, ಕಾರಿಗೆ ಇದನ್ನೇ ಹೆಸರಿಡೋಣ ಅಂತ ಗಾಂದಿನಿ ಹೇಳಿದರು. ಪಕ್ಕದಲ್ಲಿ ಕಂಪನಿಯ ಟೆಸ್ಟ್ ಡ್ರೈವರ್ ಬಾಬ್ ವಾಲೆಸ್ ಇದ್ದರು. ಅವರು ನ್ಯೂಜಿಲೆಂಡಿನವರು. ಅವರ ಬಾಯಲ್ಲಿ ಈ ಮಾತು ಹೇಗೆ ಕೇಳುತ್ತದೆ ಅಂತ ಹೇಳಿಸಿ ನೋಡಿದರು. ಚೆನ್ನಾಗಿ ಕೇಳಿಸಿತು. ಹೆಸರು ನಿಂತಿತು.

ಇದನ್ನು ಮಾಡಿದವರು ಯಾರು?

ಆಕಾರ ಗಾಂದಿನಿ ಅವರದು. ಆಗ ಅವರು ಕಾರುಗಳ ವಿನ್ಯಾಸ ಮಾಡಿಕೊಡುವ ಟ್ಯೂರಿನ್ನಿನ ಬೆರ್ತೋನೆ ಸಂಸ್ಥೆಯಲ್ಲಿದ್ದರು. ಹುಟ್ಟಿದ್ದು 1938ರಲ್ಲಿ, ಅದೇ ಟ್ಯೂರಿನ್ನಲ್ಲಿ. ತಂದೆ ಸಂಗೀತ ವೃಂದದ ನಿರ್ದೇಶಕರು. ಮಗ ಪಿಯಾನೊ ಬಿಟ್ಟು ಪೆನ್ಸಿಲ್ ಹಿಡಿದ. ಲ್ಯಾಂಬೊರ್ಗಿನಿ ಮಿಯುರಾ, ಲಾನ್ಸಿಯಾ ಸ್ಟ್ರಾಟೋಸ್, ಫಿಯಟ್ ಎಕ್ಸ್1/9, ಸಿಟ್ರೊಯೆನ್ ಬಿಎಕ್ಸ್, ಎಲ್ಲ ಅವರ ಕೈಯಿಂದ ಬಂದವು. 2024ರ ಮಾರ್ಚ್‌ನಲ್ಲಿ ತೀರಿಕೊಂಡರು.

ಆದರೆ ಗಾಂದಿನಿ ಅವರ ಹೆಸರು ಮಾತ್ರ ಹೇಳಿ ಸುಮ್ಮನಾದರೆ ಅರ್ಧ ಹೇಳಿದ ಹಾಗೆ. ಕಾರಿನ ಒಳಗಿನ ಲೆಕ್ಕಾಚಾರ ಇಂಜಿನಿಯರ್ ಪಾವೊಲೊ ಸ್ತಾನ್‌ಝಾನಿ ಅವರದು. ಓಡಿಸಿ ಓಡಿಸಿ ತಪ್ಪು ಹುಡುಕಿ ತಿದ್ದಿದವರು ಬಾಬ್ ವಾಲೆಸ್. ಜನ ಇದನ್ನು ಬರೀ ಚಂದಕ್ಕೆ ಮಾಡಿದ ಕಾರು ಅಂದುಕೊಳ್ಳುತ್ತಾರೆ. ನನ್ನ ಪ್ರಕಾರ ಅದು ಈ ಕಾರಿಗೆ ಮಾಡುವ ಅನ್ಯಾಯ. ಒಳಗೆ ಏನಿದೆಯೋ ಅದೇ ಹೊರಗೆ ಆಕಾರವಾಗಿ ಕಾಣುತ್ತದೆ. ಮುಂದಿನ ಉತ್ತರಗಳಲ್ಲಿ ಅದನ್ನೇ ತೋರಿಸುತ್ತೇನೆ.

ಜನ ಮೊದಲು ನೋಡಿದ್ದು ಯಾವಾಗ?

1971ರ ಮಾರ್ಚ್, ಜಿನೀವಾ ಮೋಟಾರ್ ಶೋ. ಹಳದಿ ಬಣ್ಣದ ಒಂದೇ ಒಂದು ಕಾರು. ಅದರ ಹೆಸರು ಎಲ್‌ಪಿ 500. ಅದು ನಿಂತಿದ್ದು ಲ್ಯಾಂಬೊರ್ಗಿನಿಯ ಮಳಿಗೆಯಲ್ಲಲ್ಲ, ಬೆರ್ತೋನೆಯ ಮಳಿಗೆಯಲ್ಲಿ. ಲ್ಯಾಂಬೊರ್ಗಿನಿಯವರು ತಮ್ಮ ಜಾಗದಲ್ಲಿ ಮಿಯುರಾದ ಹೊಸ ಮಾದರಿ ಎಸ್‌ವಿ ಇಟ್ಟಿದ್ದರು.

ಆ ಎರಡನ್ನೂ ಒಂದೇ ದಿನ ನೋಡಿದವರ ಸ್ಥಿತಿ ಊಹಿಸಿಕೊಳ್ಳಿ. ಮಿಯುರಾ ಬಂದು ಆಗ ಐದೇ ವರ್ಷ. ಅದು ಪೂರ್ತಿ ಬಳುಕು, ದುಂಡು, ನದಿಯಲ್ಲಿ ತೊಳೆದು ನುಣುಪಾದ ಕಲ್ಲಿನ ಹಾಗೆ. ಕುಂತಾಚ್‌ನಲ್ಲಿ ದುಂಡಗಿನದು ಅಂದರೆ ಚಕ್ರ ಅಷ್ಟೇ ಅನ್ನಿಸುತ್ತದೆ. ಎರಡನ್ನೂ ಬರೆದದ್ದು ಒಂದೇ ಕೈ ಅಂದರೆ ನಂಬುವುದು ಕಷ್ಟ, ಅಲ್ವಾ?

ಇಷ್ಟು ತಗ್ಗಾಗಿ, ಚೂಪಾಗಿ ಯಾಕಿದೆ?

ಅದು ಆ ಕಾಲದ ಇಟಲಿಯ ಗಾಳಿ. 1960ರ ದಶಕದ ಕೊನೆಯಲ್ಲಿ ಅಲ್ಲಿಯ ವಿನ್ಯಾಸಕಾರರು ಸೀಳುಗಟ್ಟಿಗೆಯಂಥ ಆಕಾರದ ಹಿಂದೆ ಬಿದ್ದಿದ್ದರು. ಅಂದರೆ ಮುಂದೆ ತೆಳ್ಳಗೆ, ಹಿಂದೆ ಹೋದ ಹಾಗೆ ದಪ್ಪ. ಗಾಂದಿನಿ ಆಗಲೇ ಎರಡು ಹೆಜ್ಜೆ ಇಟ್ಟಿದ್ದರು. 1968ರಲ್ಲಿ ಆಲ್ಫಾ ರೋಮಿಯೊ ಕರಾಬೊ, 1970ರಲ್ಲಿ ಲಾನ್ಸಿಯಾ ಸ್ಟ್ರಾಟೋಸ್ ಝೀರೊ. ಎರಡೂ ಶೋಗೆ ಅಂತ ಮಾಡಿದ ಕಾರುಗಳು, ಅಂಗಡಿಗೆ ಬರಲಿಲ್ಲ. ಕುಂತಾಚ್ ಮಾತ್ರ ಆ ಕನಸಿನಿಂದ ಎದ್ದು ರಸ್ತೆಗೆ ಬಂತು. ಅದರ ದೊಡ್ಡಸ್ತಿಕೆ ಇರುವುದೇ ಅಲ್ಲಿ.

ಪಕ್ಕದಿಂದ ನೋಡಿ. ಮೂತಿಯ ತುದಿಯಿಂದ ಹೊರಟ ಗೆರೆ ಬಾನೆಟ್ ಹತ್ತಿ, ಮುಂದಿನ ಗಾಜಿನ ಮೇಲೆ ಹಾದು, ಚಾವಣಿಯ ತುದಿ ಮುಟ್ಟುವ ತನಕ ಎಲ್ಲೂ ಮುರಿಯುವುದಿಲ್ಲ. ಸಾಮಾನ್ಯ ಕಾರಿನಲ್ಲಿ ಬಾನೆಟ್ ಒಂದು ಪೆಟ್ಟಿಗೆ, ಗಾಜು ಇನ್ನೊಂದು ಕಡೆಗೆ ವಾಲಿದ ಹಲಗೆ. ಇಲ್ಲಿ ಎರಡೂ ಒಂದೇ ಇಳಿಜಾರು. ಪೂರ್ತಿ ಎತ್ತರ 107 ಸೆಂಟಿಮೀಟರ್. ನಮ್ಮ ಮನೆಗಳ ಅಡುಗೆ ಕಟ್ಟೆಗಿಂತ ಒಂದು ಗೇಣು ಜಾಸ್ತಿ, ಅಷ್ಟೇ. ಅಗಲ ಮಾತ್ರ 189 ಸೆಂಟಿಮೀಟರ್.

ಎಲ್‌ಪಿ ಅಂದರೇನು? ಇಂಜಿನ್ನನ್ನು ತಿರುಗಿಸಿ ಇಟ್ಟಿದ್ದಾರೆ ಅನ್ನೋದು ನಿಜವಾ?

ನಿಜ. ಇದು ನನಗೆ ತುಂಬಾ ಇಷ್ಟದ ಪ್ರಶ್ನೆ.

ಎಲ್‌ಪಿ ಅಂದರೆ ಇಟಾಲಿಯನ್ನಲ್ಲಿ 'ಲಾಂಜಿಟುಡಿನಾಲೆ ಪೊಸ್ತೆರಿಯೊರೆ'. ಇಂಜಿನ್ ಹಿಂದೆ ಇದೆ, ಉದ್ದಕ್ಕೆ ಇದೆ ಅಂತ ಅರ್ಥ. ಮಿಯುರಾದಲ್ಲಿ ಅದೇ ಹನ್ನೆರಡು ಸಿಲಿಂಡರಿನ ಇಂಜಿನ್ ಸೀಟಿನ ಬೆನ್ನಿಗೇ ಅಡ್ಡಡ್ಡ ಕೂತಿತ್ತು. ಅದರಿಂದ ಕಾರೇನೋ ಗಿಡ್ಡವಾಯಿತು. ಆದರೆ ಶಾಖ, ಸದ್ದು ಎಲ್ಲ ಕಿವಿ ಪಕ್ಕದಲ್ಲೇ. ಗೇರ್ ಹಾಕುವ ಸರಳುಗಳು ಸುತ್ತಿ ಬಳಸಿ ಹೋಗಬೇಕಿತ್ತು, ಗೇರ್ ಸಲೀಸಾಗಿ ಬೀಳುತ್ತಿರಲಿಲ್ಲ. ವೇಗ ಜಾಸ್ತಿ ಆದರೆ ಮುಂಭಾಗ ಹಗುರಾಗಿ ಎದ್ದಂತಾಗುತ್ತಿತ್ತು.

ಸ್ತಾನ್‌ಝಾನಿ ಇಂಜಿನ್ನನ್ನು ಉದ್ದಕ್ಕೆ ತಿರುಗಿಸಿದರು. ಈಗ ತೊಂದರೆ ಶುರು. ವಿ12 ಇಂಜಿನ್ನೇ ಉದ್ದ. ಅದರ ಹಿಂದೆ ಗೇರ್‌ಬಾಕ್ಸ್ ಜೋಡಿಸಿದರೆ ಕಾರು ಲಾರಿ ಉದ್ದ ಆಗುತ್ತದೆ, ತೂಕವೆಲ್ಲ ಬಾಲಕ್ಕೆ ಹೋಗುತ್ತದೆ. ಆಗ ಅವರು ಇಂಜಿನ್ನಿನ ಮುಖವನ್ನೇ ಹಿಂದೆ ಮುಂದೆ ಮಾಡಿದರು. ಕ್ಲಚ್, ಗೇರ್‌ಬಾಕ್ಸ್ ಇಂಜಿನ್ನಿನ ಮುಂದೆ ಬಂದು ಎರಡು ಸೀಟಿನ ನಡುವೆ ಕೂತವು. ಸರಿ, ಆದರೆ ತಿರುಗಬೇಕಾದ ಚಕ್ರಗಳು ಹಿಂದೆ ಇವೆಯಲ್ಲ? ಅದಕ್ಕೆ ಗೇರ್‌ಬಾಕ್ಸ್‌ನಿಂದ ಒಂದು ಶಾಫ್ಟ್ ವಾಪಸ್ ಹಿಂದಕ್ಕೆ ಹೊರಡುತ್ತದೆ. ಇಂಜಿನ್ನಿನ ಹೊಟ್ಟೆಯ ಕೆಳಗೆ, ಆಯಿಲ್ ನಿಲ್ಲುವ ಸಂಪ್ ಒಳಗೇ ಒಂದು ಕೊಳವೆ ತೂರಿಸಿ, ಅದರ ಮೂಲಕ ಹಾದು, ಎರಡು ಚಕ್ರಗಳಿಗೆ ಶಕ್ತಿ ಹಂಚುವ ಹಿಂದಿನ ಡಿಫರೆನ್ಶಿಯಲ್ ಸೇರುತ್ತದೆ. ಶಕ್ತಿ ಮೊದಲು ಮುಂದೆ ಹೋಗಿ, ಆಮೇಲೆ ತಿರುಗಿ ಹಿಂದೆ ಬರುತ್ತದೆ.

ಇದರಿಂದ ಮೂರು ಲಾಭ. ಗೇರ್ ಲಿವರ್ ನೇರ ಗೇರ್‌ಬಾಕ್ಸ್ ಮೇಲೇ ನಿಂತಿತು, ಸುತ್ತು ಬಳಸು ಸರಳುಗಳ ಗೋಳು ಮುಗಿಯಿತು. ಭಾರವೆಲ್ಲ ನಾಲ್ಕು ಚಕ್ರಗಳ ನಡುವೆ ಬಂತು. ಕಾರು ಗಿಡ್ಡ ಆಯಿತು. ಮೊದಲು ಮಾರಾಟಕ್ಕೆ ಬಂದ ಎಲ್‌ಪಿ 400 ಮಾದರಿಯ ಉದ್ದ ಸುಮಾರು 4.14 ಮೀಟರ್. ಇಂದಿನ ನಾಲ್ಕು ಮೀಟರಿನ ಸಣ್ಣ ಕಾರುಗಳಿಗಿಂತ ಒಂದು ಗೇಣೂ ಜಾಸ್ತಿ ಇಲ್ಲ. ಅದರೊಳಗೆ ಹನ್ನೆರಡು ಸಿಲಿಂಡರ್!

ಸೀಟುಗಳ ನಡುವೆ ಗೇರ್‌ಬಾಕ್ಸ್ ಬಂದಿದ್ದರಿಂದ ಕೂರುವವರು ಮುಂದಕ್ಕೆ ಸರಿಯಬೇಕಾಯಿತು. ಕ್ಯಾಬಿನ್ ಮುಂದಕ್ಕೆ ಹೋಗಿದ್ದರಿಂದಲೇ ಆ ಒಂದೇ ಇಳಿಜಾರಿನ ಗೆರೆ ಬಂತು. ಮುಂದಿನ ಮೂತಿ ಗಿಡ್ಡ, ಹಿಂದಿನ ಬೆನ್ನು ಉದ್ದ. ಇಂಜಿನಿಯರ್ ಲೆಕ್ಕ ಹಾಕಿ ಕೊಟ್ಟ ಜಾಗವನ್ನು ವಿನ್ಯಾಸಕಾರ ಮುಚ್ಚಿಡಲಿಲ್ಲ, ಎತ್ತಿ ತೋರಿಸಿದ.

ಬಾಗಿಲು ಯಾಕೆ ಮೇಲಕ್ಕೆ ಹೋಗುತ್ತೆ?

ನೋಡಲು ಚಂದ ಅನ್ನುವುದು ಒಂದು ಕಾರಣ. ಗಾಂದಿನಿ ಇದನ್ನು ಮೊದಲು ಮಾಡಿದ್ದು ಕರಾಬೊದಲ್ಲಿ. ಆದರೆ ಕುಂತಾಚ್‌ನಲ್ಲಿ ಅದು ಬೇಕೇ ಬೇಕಿತ್ತು. ಈ ಕಾರಿಗೆ ಮನೆಯ ಹೊಸ್ತಿಲಿನಂಥ ಅಗಲವಾದ ಅಂಚಿದೆ. ಷಾಸಿಯ, ಅಂದರೆ ಕಾರಿನ ಅಸ್ಥಿಪಂಜರದ, ಉಕ್ಕಿನ ಕೊಳವೆಗಳು ಅಲ್ಲೇ ಹಾದು ಹೋಗುತ್ತವೆ. ಕಾರು ಅಗಲ, ಬಾಗಿಲು ಉದ್ದ. ಮಾಮೂಲಿ ಬಾಗಿಲು ಇಟ್ಟಿದ್ದರೆ ಪಾರ್ಕಿಂಗ್‌ನಲ್ಲಿ ಪಕ್ಕದ ಗೋಡೆಗೆ ಬಡಿಯುತ್ತಿತ್ತು, ಇಳಿಯಲು ಸಂದಿ ಸಿಗುತ್ತಿರಲಿಲ್ಲ. ಮುಂದಿನ ತುದಿಯಲ್ಲಿ ಒಂದೇ ಕೀಲು ಇಟ್ಟು ನೇರ ಮೇಲಕ್ಕೆ ಎತ್ತಿದರೆ ಎಲ್ಲ ಸುಲಭ. ಇವತ್ತಿಗೂ ಲ್ಯಾಂಬೊರ್ಗಿನಿಯ ವಿ12 ಕಾರುಗಳಲ್ಲಿ ಬಾಗಿಲು ಹೀಗೇ ಏಳುತ್ತದೆ.

ಬಾಗಿಲ ಹಿಡಿಕೆ ಎಲ್ಲಿದೆ ಅಂತ ಹುಡುಕಿದರೆ ಸಿಗುವುದಿಲ್ಲ. ಕಾರಿನ ಪಕ್ಕದಲ್ಲಿ, ಬಾಗಿಲ ಮೇಲೆ ಶುರುವಾಗಿ ಹಿಂದಕ್ಕೆ ಹೋದ ಹಾಗೆ ಅಗಲವಾಗುವ ಒಂದು ತಗ್ಗಿದೆ. ಅದು ಇಂಜಿನ್ ಕಡೆ ಗಾಳಿ ಎಳೆಯುವ ದಾರಿ. ಅದರೊಳಗೆ ಕೈ ಹಾಕಿದರೆ ಬಾಗಿಲು ಬಿಡುವ ಗುಂಡಿ ಸಿಗುತ್ತದೆ. ಮೈಮೇಲೆ ಎದ್ದು ನಿಂತ ಹಿಡಿಕೆ ಬೇಡ ಅಂತ ಅಷ್ಟು ಜೋಪಾನ ಮಾಡಿದ್ದಾರೆ.

ರಿವರ್ಸ್ ತೆಗೆಯುವಾಗ ಡ್ರೈವರ್ ಹೊರಗೆ ಬಂದು ಕೂರ್ತಾನಂತೆ?

ಹೌದು. ಹಿಂದೆ ಇಂಜಿನ್ ಮುಚ್ಚಳ, ಅದರ ಪಕ್ಕ ಎತ್ತರದ ಗಾಳಿ ಗೂಡುಗಳು, ಮಧ್ಯೆ ಒಂದು ಸೀಳಿನಷ್ಟು ಗಾಜು. ಕನ್ನಡಿಯಲ್ಲಿ ಏನೂ ಸರಿಯಾಗಿ ಕಾಣುವುದಿಲ್ಲ. ಅದಕ್ಕೆ ಓಡಿಸುವವರು ಬಾಗಿಲು ಮೇಲಕ್ಕೆತ್ತಿ, ಹೊಸ್ತಿಲಿನ ಮೇಲೆ ಕೂತು, ಒಂದು ಕೈ ಸ್ಟೀರಿಂಗ್ ಮೇಲೆ ಇಟ್ಟು, ಮೈ ಹೊರಗೆ ಚಾಚಿ ಹಿಂದೆ ನೋಡುತ್ತಾರೆ. ಕಾಲು ಮಾತ್ರ ಪೆಡಲ್ ಮೇಲೆ. ಕಂಪನಿಯ ಟೆಸ್ಟ್ ಡ್ರೈವರ್ ವಲೆಂತೀನೊ ಬಲ್ಬೋನಿ ಹೀಗೆ ಹಿಂದಕ್ಕೆ ತೆಗೆಯುವುದನ್ನು ನೋಡಬೇಕು. ಆ ಹೊಸ್ತಿಲು ಇದಕ್ಕೇ ಇದೆಯೇನೋ ಅನ್ನಿಸುತ್ತದೆ.

'ಪೆರಿಸ್ಕೋಪಿಯೊ' ಅಂದರೇನು?

ಹಿಂದೆ ಕಾಣುವುದಿಲ್ಲ ಅನ್ನುವುದು ಮಾಡಿದವರಿಗೂ ಗೊತ್ತಿತ್ತು. ಅದಕ್ಕೆ ಚಾವಣಿಯ ಮಧ್ಯೆ ಉದ್ದಕ್ಕೆ ಒಂದು ಕಾಲುವೆ ತೆಗೆದು, ಜಲಾಂತರ್ಗಾಮಿಯಲ್ಲಿ ಇರುವಂತೆ ಕನ್ನಡಿಗಳ ಮೂಲಕ ಹಿಂದಿನದನ್ನು ತೋರಿಸಲು ನೋಡಿದರು. ಆ ಸಲಕರಣೆ ಅಂದುಕೊಂಡ ಹಾಗೆ ಕೆಲಸ ಮಾಡಲಿಲ್ಲ, ಬಿಟ್ಟರು. ಆದರೆ ಮೊದಲ ಎಲ್‌ಪಿ 400 ಕಾರುಗಳ ಚಾವಣಿಯಲ್ಲಿ ಆ ಕಾಲುವೆ ಉಳಿದುಕೊಂಡಿತು. ಆ ಕಾರುಗಳನ್ನು ಜನ ಪ್ರೀತಿಯಿಂದ ಪೆರಿಸ್ಕೋಪಿಯೊ ಅನ್ನುತ್ತಾರೆ. ತಯಾರಾಗಿದ್ದು 150ಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ.

ಹೆಗಲ ಮೇಲಿನ ಆ ದೊಡ್ಡ ಗಾಳಿ ಗೂಡುಗಳು ಬರೀ ಶೋಗಾ?

ಅಲ್ಲವೇ ಅಲ್ಲ. ಜಿನೀವಾದ ಹಳದಿ ಕಾರಿನಲ್ಲಿ ಅವು ಇರಲಿಲ್ಲ. ಅಲ್ಲಿ ಕಿಟಕಿಯ ಹಿಂದೆ ಮೀನಿನ ಕಿವಿರಿನಂತೆ ನಾಜೂಕಾದ ಸೀಳುಗಳಿದ್ದವು. ಶೋದಲ್ಲಿ ನಿಂತ ಕಾರಿಗೆ ಅಷ್ಟು ಸಾಕು. ವಾಲೆಸ್ ರಸ್ತೆಗೆ ಇಳಿಸಿದಾಗ ಇಂಜಿನ್ ಕಾದು ಕೆಂಡವಾಗತೊಡಗಿತು. ಇದರ ರೇಡಿಯೇಟರ್‌ಗಳು ಮುಂದೆ ಇಲ್ಲ, ಹಿಂದೆ ಇಂಜಿನ್ನಿನ ಎರಡೂ ಪಕ್ಕದಲ್ಲಿವೆ. ಅವಕ್ಕೆ ಗಾಳಿ ಬೇಕು. ಅದಕ್ಕೆ ಬಾಗಿಲ ಪಕ್ಕದ ಆ ತಗ್ಗು ಬಂತು, ಹೆಗಲ ಮೇಲೆ ಪೆಟ್ಟಿಗೆಯಂಥ ಗೂಡುಗಳು ಬಂದವು.

ಮೊದಲ ಕಾರಿನ ಶುದ್ಧ ಗೆರೆ ಇದರಿಂದ ಹಾಳಾಯಿತು ಅನ್ನುವವರಿದ್ದಾರೆ. ನನಗೆ ಹಾಗನ್ನಿಸಿಲ್ಲ. ಆ ಗೂಡುಗಳಿಂದಲೇ ಕಾರಿಗೆ ಹೆಗಲು ಬಂತು, ಭುಜ ಎತ್ತಿ ನಿಂತ ಗತ್ತು ಬಂತು. ಅವಶ್ಯಕತೆಗೆ ಸೇರಿಸಿದ್ದು ಅಂದವನ್ನು ಕೆಡಿಸದೆ ಹೆಚ್ಚಿಸುವುದು ಅಪರೂಪ. ಇಲ್ಲಿ ಅದು ಆಗಿದೆ.

ಆ ಮೊದಲ ಹಳದಿ ಕಾರು ಈಗ ಎಲ್ಲಿದೆ?

ಇಲ್ಲ. ಪರೀಕ್ಷೆಗೆ ಅಂತ ಮೂರು ವರ್ಷ ಓಡಿಸಿ, ಕೊನೆಗೆ 1974ರಲ್ಲಿ ಇಂಗ್ಲೆಂಡಿನಲ್ಲಿ ಸುರಕ್ಷತೆಯ ಅನುಮತಿಗಾಗಿ ಡಿಕ್ಕಿ ಹೊಡೆಸಿ ನೋಡಿದರು. ಅಲ್ಲಿಗೆ ಅದರ ಕತೆ ಮುಗಿಯಿತು. ಕೇಳಿದಾಗ ಹೊಟ್ಟೆ ಚುರುಕ್ ಅನ್ನುತ್ತದೆ. ಆದರೆ ಸಣ್ಣ ಕಂಪನಿ, ಇನ್ನೊಂದು ಕಾರು ಕಟ್ಟಿ ಒಡೆಯುವಷ್ಟು ದುಡ್ಡು ಇರಲಿಲ್ಲ.

2021ರಲ್ಲಿ ಲ್ಯಾಂಬೊರ್ಗಿನಿಯ ಹಳೆ ಕಾರುಗಳ ವಿಭಾಗ, ಪೋಲೊ ಸ್ತೋರಿಕೊ, ಒಬ್ಬ ಅಭಿಮಾನಿಗಾಗಿ ಅದನ್ನು ಮೊದಲಿನಿಂದ ಮತ್ತೆ ಕಟ್ಟಿತು. ಹಳೆಯ ಫೋಟೊ, ನಕ್ಷೆ, ಕಾಗದಪತ್ರ ಇಟ್ಟುಕೊಂಡು, 25,000 ಗಂಟೆಗೂ ಜಾಸ್ತಿ ಕೆಲಸ. ಆ ಹಳದಿ ಬಣ್ಣವನ್ನೂ ಅದೇ ಹದಕ್ಕೆ ತಂದರು.

ಹಿಂದೆ ಇರುವ ಆ ದೊಡ್ಡ ರೆಕ್ಕೆ?

ಮೊದಲು ಇರಲಿಲ್ಲ. 1974ರ ಎಲ್‌ಪಿ 400 ರೆಕ್ಕೆ ಇಲ್ಲದ, ತೆಳ್ಳಗಿನ ಟೈರಿನ ಕಾರು. ಆಮೇಲೆ ವಾಲ್ಟರ್ ವುಲ್ಫ್ ಬಂದರು. ಕೆನಡಾದ ಶ್ರೀಮಂತ, ಫಾರ್ಮುಲಾ 1 ತಂಡದ ಒಡೆಯ. ತಮಗೆ ಬೇಕಾದ ಹಾಗೆ ಅಗಲ ಟೈರು, ಉಬ್ಬಿದ ಮಡ್‌ಗಾರ್ಡ್, ರೆಕ್ಕೆ ಎಲ್ಲ ಹಾಕಿಸಿಕೊಂಡರು. ಅದನ್ನು ನೋಡಿ ಕಂಪನಿ 1978ರಲ್ಲಿ ಎಲ್‌ಪಿ 400 ಎಸ್ ತಂದಿತು. ಹಿಂದಿನ ಟೈರು ಪಿರೆಲ್ಲಿ ಪಿ7, ಅಗಲ 345 ಮಿಲಿಮೀಟರ್. ಅಷ್ಟು ಅಗಲದ ಟೈರು ಆಗ ರಸ್ತೆಯ ಕಾರಿನಲ್ಲಿ ಬೇರೆಲ್ಲೂ ಇರಲಿಲ್ಲ. ಚಕ್ರದಲ್ಲಿ ಐದು ದುಂಡು ತೂತು, ಹಳೇ ಫೋನಿನ ಡಯಲ್ ಇದ್ದ ಹಾಗೆ.

ರೆಕ್ಕೆ ಬೇಕಿದ್ದವರು ಬೇರೆ ದುಡ್ಡು ಕೊಟ್ಟು ಹಾಕಿಸಿಕೊಳ್ಳಬೇಕಿತ್ತು. ಅದರಿಂದ ಕಾರಿನ ಗರಿಷ್ಠ ವೇಗ ಕಮ್ಮಿಯೇ ಆಗುತ್ತಿತ್ತು. ಆದರೂ ತುಂಬಾ ಜನ ಹಾಕಿಸಿಕೊಂಡರು. ಪೋಸ್ಟರ್‌ಗಳಲ್ಲಿ ನಾವು ನೋಡಿದ್ದು ಹೆಚ್ಚಾಗಿ ಈ ರೆಕ್ಕೆಯ ಕಾರನ್ನೇ.

ಒಟ್ಟು ಎಷ್ಟು ಮಾದರಿ ಬಂದವು?

ಬೇಗ ಹೇಳಿಬಿಡುತ್ತೇನೆ. 1974ರಲ್ಲಿ ಎಲ್‌ಪಿ 400, 3,929 ಸಿಸಿ, 375 ಅಶ್ವಶಕ್ತಿ. 1978ರಲ್ಲಿ ಎಲ್‌ಪಿ 400 ಎಸ್. 1982ರಲ್ಲಿ ಎಲ್‌ಪಿ 500 ಎಸ್, ಇಂಜಿನ್ 4,754 ಸಿಸಿಗೆ ಏರಿತು. 1985ರಲ್ಲಿ 5000 ಕ್ವಾಟ್ರೊವಾಲ್ವೋಲೆ, ಪ್ರತಿ ಸಿಲಿಂಡರಿಗೆ ನಾಲ್ಕು ವಾಲ್ವ್, 5,167 ಸಿಸಿ, 455 ಅಶ್ವಶಕ್ತಿ. ಇದರಲ್ಲಿ ಕಾರ್ಬುರೇಟರ್‌ಗಳು ಇಂಜಿನ್ನಿನ ತಲೆ ಮೇಲೆ ಬಂದವು, ಅದಕ್ಕೇ ಇಂಜಿನ್ ಮುಚ್ಚಳ ಡುಬ್ಬದ ಹಾಗೆ ಉಬ್ಬಿದೆ. ಹಿಂದಿನ ನೋಟ ಇನ್ನೂ ಕಮ್ಮಿ ಆಯಿತು. 1988ರಲ್ಲಿ ಕಂಪನಿಯ 25ನೇ ವರ್ಷದ ನೆನಪಿಗೆ ಆನಿವರ್ಸರಿ ಮಾದರಿ. ಅದರ ಹೊರ ಮೈಯನ್ನು ತಿದ್ದಿದ್ದು ಆಗ ಅಲ್ಲಿ ಕೆಲಸಕ್ಕಿದ್ದ ಅರ್ಜೆಂಟೀನಾದ ಒರಾಸಿಯೊ ಪಗಾನಿ. ಮುಂದೆ ತಮ್ಮ ಹೆಸರಿನಲ್ಲೇ ಕಾರು ಕಂಪನಿ ಕಟ್ಟಿದವರು ಅವರೇ. 1990ರಲ್ಲಿ ತಯಾರಿ ನಿಂತಿತು. ಹದಿನಾರು ವರ್ಷದಲ್ಲಿ ಎಲ್ಲ ಸೇರಿ ಸುಮಾರು 2,000 ಕಾರು.

ಒಂದೇ ಕಾರನ್ನು ಅಷ್ಟು ವರ್ಷ ಯಾಕೆ ಮಾರಿದರು?

ಬೇರೆ ದಾರಿ ಇರಲಿಲ್ಲ. ಕುಂತಾಚ್ ಹುಟ್ಟಿದ ಹೊತ್ತಿಗೇ ಮನೆಯಲ್ಲಿ ಕಷ್ಟ. ಫೆರುಚ್ಚೊ ಅವರ ಮೂಲ ವ್ಯಾಪಾರ ಟ್ರ್ಯಾಕ್ಟರ್. ಅದಕ್ಕೆ ಪೆಟ್ಟು ಬಿದ್ದು, 1972ರಲ್ಲಿ ಕಾರು ಕಂಪನಿಯ ಶೇಕಡಾ 51ರಷ್ಟು ಪಾಲನ್ನು ಸ್ವಿಟ್ಜರ್‌ಲೆಂಡಿನವರೊಬ್ಬರಿಗೆ ಮಾರಿದರು. 1973ರಲ್ಲಿ ತೈಲ ಬಿಕ್ಕಟ್ಟು. ಲೀಟರುಗಟ್ಟಲೆ ಪೆಟ್ರೋಲ್ ಕುಡಿಯುವ ಕಾರು ಯಾರಿಗೆ ಬೇಕು? 1974ರಲ್ಲಿ ಉಳಿದ ಪಾಲೂ ಕೈ ಬಿಟ್ಟಿತು. ಅಂದರೆ ಕುಂತಾಚ್ ಗಿರಾಕಿಗಳ ಕೈ ಸೇರಿದ ವರ್ಷವೇ ಕಂಪನಿ ಕಟ್ಟಿದ ಯಜಮಾನ ಹೊರಗೆ ಹೋದರು. ಆಮೇಲೆ ಕಂಪನಿ ದಿವಾಳಿ ಆಯಿತು, 1980ರ ದಶಕದ ಆರಂಭದಲ್ಲಿ ಮಿಮ್ರಾನ್ ಸಹೋದರರ ಕೈಗೆ ಹೋಯಿತು, 1987ರಲ್ಲಿ ಅಮೆರಿಕದ ಕ್ರೈಸ್ಲರ್ ಕೊಂಡಿತು.

ಈ ಎಲ್ಲ ಬಿರುಗಾಳಿಯಲ್ಲಿ ಫ್ಯಾಕ್ಟರಿಯ ದೀಪ ಆರದಂತೆ ನೋಡಿಕೊಂಡಿದ್ದು ಮುಖ್ಯವಾಗಿ ಈ ಒಂದು ಕಾರು. ಹೊಸದು ಮಾಡಲು ದುಡ್ಡಿಲ್ಲ, ಇದ್ದದ್ದನ್ನೇ ತಿದ್ದಿ ತಿದ್ದಿ ಮಾರಿದರು. 1971ರಲ್ಲಿ ಬರೆದ ಆಕಾರ 1990ರಲ್ಲೂ ಹಳತು ಅನ್ನಿಸಲಿಲ್ಲ. ಹಾಗಾಗಿಯೇ ಕಂಪನಿ ಉಳಿಯಿತು.

ಓಡಿಸುವುದು ಹೇಗಿರುತ್ತೆ?

ಸುಲಭ ಅಲ್ಲ. ಪವರ್ ಸ್ಟೀರಿಂಗ್ ಇಲ್ಲ. ಕ್ಲಚ್ ಒತ್ತಲು ಕಾಲಿನ ಬಲವೆಲ್ಲ ಬೇಕು. ಮೊದಲ ಗೇರ್ ಎಡಕ್ಕೆ ಕೆಳಗೆ ಬೀಳುತ್ತದೆ. ಕಿಟಕಿಯ ಗಾಜು ಪೂರ್ತಿ ಇಳಿಯುವುದಿಲ್ಲ, ಕೆಳಗಿನ ಸಣ್ಣ ತುಂಡು ಸ್ವಲ್ಪ ಸರಿಯುತ್ತದೆ, ಅಷ್ಟೇ. ದೊಡ್ಡ ಗಾಜಿನ ಕೆಳಗೆ ಬಿಸಿಲು, ಬೆನ್ನ ಹಿಂದೆ ಇಂಜಿನ್ನಿನ ಕಾವು. ಎತ್ತರದವರ ತಲೆ ಚಾವಣಿಗೆ ತಾಗುತ್ತದೆ. ಗರಿಷ್ಠ ವೇಗ 300 ಕಿಲೋಮೀಟರ್ ದಾಟುತ್ತದೆ ಅಂತ ಕಂಪನಿ ಹೇಳಿತ್ತು. ಅಳೆದು ನೋಡಿದ ಪತ್ರಿಕೆಗಳಲ್ಲಿ ಹೆಚ್ಚಿನವಕ್ಕೆ ಅಷ್ಟು ಸಿಗಲಿಲ್ಲ.

ಆದರೂ ವೇಗ ಹಿಡಿದ ಮೇಲೆ ಸ್ಟೀರಿಂಗ್ ಹಗುರಾಗುತ್ತದೆ, ಭಾರ ಮಧ್ಯೆ ಇರುವುದರಿಂದ ತಿರುವಿನಲ್ಲಿ ಗಟ್ಟಿಯಾಗಿ ಕೂತು ಹೋಗುತ್ತದೆ. ಎಲ್‌ಪಿ 400ರಲ್ಲಿ ಆರು ವೆಬರ್ ಕಾರ್ಬುರೇಟರ್‌ಗಳು ಗಾಳಿ ಎಳೆಯುವ ಸದ್ದೇ ಬೇರೆ. ಮೊದಲು ಒಂದು ದೀರ್ಘ ಉಸಿರು, ಆಮೇಲೆ ಕೊಂಬು ಊದಿದ ಹಾಗೆ.

ಫೆರಾರಿಗಿಂತ ಇದು ಮೇಲಾ?

ಆ ಕಾಲದ ಫೆರಾರಿ ಬರ್ಲಿನೆಟ್ಟಾ ಬಾಕ್ಸರ್ ಕೂಡ ತುಂಬಾ ಒಳ್ಳೆಯ ಕಾರು. ದಿನಾ ಓಡಿಸಲು ಯಾವುದು ಬೇಕು ಅಂದರೆ ಬಾಕ್ಸರ್ ಅನ್ನಬಹುದು. ಆಕಾರದ ಧೈರ್ಯದಲ್ಲಿ ಮಾತ್ರ ಕುಂತಾಚ್ ಮುಂದೆ ಯಾವುದೂ ನಿಲ್ಲುವುದಿಲ್ಲ.

ಪೋಸ್ಟರ್ ಕಾರು ಅಂತ ಯಾಕೆ ಕರೀತಾರೆ?

1980ರ ದಶಕದಲ್ಲಿ ಜಗತ್ತಿನ ಎಷ್ಟೋ ಮಕ್ಕಳ ಕೋಣೆಯ ಗೋಡೆ ಮೇಲೆ ಇದೇ ಇತ್ತು. 1981ರ ಅಮೆರಿಕದ 'ದಿ ಕ್ಯಾನನ್‌ಬಾಲ್ ರನ್' ಸಿನಿಮಾದ ಶುರುವಿನಲ್ಲಿ ಪೊಲೀಸರಿಗೆ ಸಿಗದೆ ಓಡುವ ಕಪ್ಪು ಕಾರು ಎಲ್‌ಪಿ 400 ಎಸ್. ಅದೇ ಕಾರು 2021ರಲ್ಲಿ ಅಮೆರಿಕದ ಐತಿಹಾಸಿಕ ವಾಹನಗಳ ರಾಷ್ಟ್ರೀಯ ಪಟ್ಟಿಗೆ ಸೇರಿತು. ಮೊನಾಕೊ ಫಾರ್ಮುಲಾ 1 ರೇಸಿನಲ್ಲೂ 1980ರ ದಶಕದ ಆರಂಭದಲ್ಲಿ ಕುಂತಾಚ್ ಸೇಫ್ಟಿ ಕಾರ್ ಆಗಿತ್ತು, ಅಂದರೆ ಅಪಾಯದ ಹೊತ್ತಲ್ಲಿ ರೇಸ್ ಕಾರುಗಳ ಮುಂದೆ ಓಡಿ ವೇಗ ತಗ್ಗಿಸುವ ಕಾರು.

ನಮ್ಮ ಕಡೆ ಆಗ ಇಟಲಿ ಮೂಲದ ಕಾರು ಅಂದರೆ ಪ್ರೀಮಿಯರ್ ಪದ್ಮಿನಿ. ನಾನು ಕುಂತಾಚ್ ನೋಡಿದ್ದು ಟ್ರಂಪ್ ಕಾರ್ಡ್‌ನಲ್ಲಿ. ಆ ಕಾರ್ಡ್ ಕೈಗೆ ಬಂದರೆ ಅಂಚು ಮಡಿಸದಂತೆ ಹಿಡಿಯುತ್ತಿದ್ದೆ. ಆಮೇಲೆ ಬಸ್ ಸ್ಟ್ಯಾಂಡ್ ಪಕ್ಕದ ಫುಟ್‌ಪಾತಿನಲ್ಲಿ ದೇವರ ಪಟ, ಸಿನಿಮಾ ತಾರೆಯರ ಪಟದ ಜೊತೆ ಒಂದು ಕೆಂಪು ಕುಂತಾಚ್ ಪೋಸ್ಟರ್ ಸಿಕ್ಕಿತು. ಬಾಗಿಲೆರಡೂ ಮೇಲೆ. ನಮ್ಮ ಅಜ್ಜಿ ಅದನ್ನು ನೋಡಿ, "ಇದೇನೋ ಮಗಾ, ರೆಕ್ಕೆ ಬಿಚ್ಚಿದ ಗರುಡನ ಹಂಗೈತೆ" ಅಂದಿದ್ದರು. ಕಾರಿನ ಬಗ್ಗೆ ಏನೂ ಗೊತ್ತಿಲ್ಲದ ಅಜ್ಜಿಗೂ ಅದು ಒಂದು ಜೀವ ಅನ್ನಿಸಿತ್ತು. ಇದನ್ನು ಇಷ್ಟಪಡಲು ಸಿಸಿ, ಅಶ್ವಶಕ್ತಿ ತಿಳಿದಿರಬೇಕಿಲ್ಲ. ಆ ಕೆಲಸಗಾರ ಆಗಾಗ ಹೇಳುತ್ತಿದ್ದ ಬೆರಗಿನ ಮಾತೇ ನಮ್ಮ ಬಾಯಿಂದಲೂ ಬರುತ್ತದೆ.

2021ರಲ್ಲಿ ಹೊಸ ಕುಂತಾಚ್ ಬಂತಲ್ಲ?

ಬಂತು, ಎಲ್‌ಪಿಐ 800-4. ಐವತ್ತನೇ ವರ್ಷದ ನೆನಪಿಗೆ 112 ಕಾರು ಮಾತ್ರ. ವಿ12 ಜೊತೆಗೆ ವಿದ್ಯುತ್ ಮೋಟಾರ್. ಚೆನ್ನಾಗಿ ಕಟ್ಟಿದ ಕಾರು. ಆದರೆ ಗಾಂದಿನಿ ಅವರು ಇದರಲ್ಲಿ ತಮ್ಮ ಪಾತ್ರವೇನೂ ಇಲ್ಲ ಅಂತ ಬಹಿರಂಗವಾಗಿ ಹೇಳಿದರು. ಹಿಂದಿನದನ್ನು ಮತ್ತೆ ಬರೆಯುವುದು ಅವರ ಸ್ವಭಾವ ಆಗಿರಲಿಲ್ಲ. ಮಿಯುರಾ ಗೆದ್ದ ಮೇಲೂ ಅವರು ಇನ್ನೊಂದು ಮಿಯುರಾ ಮಾಡಲಿಲ್ಲ, ಅದಕ್ಕೆ ಪೂರ್ತಿ ಬೆನ್ನು ಹಾಕಿ ಕುಂತಾಚ್ ಮಾಡಿದರು. ನಾನು ಅವರ ಪಕ್ಷ.

ಯಾವ ಕುಂತಾಚ್‌ಗೆ ಬೆಲೆ ಜಾಸ್ತಿ?

ಮೊದಲ ಎಲ್‌ಪಿ 400, ಅಂದರೆ ಪೆರಿಸ್ಕೋಪಿಯೊ. ಹರಾಜಿನಲ್ಲಿ ಹತ್ತು ಲಕ್ಷ ಡಾಲರ್ ದಾಟಿದೆ. ಆಮೇಲಿನ ಮಾದರಿಗಳು ಜಾಸ್ತಿ ಶಕ್ತಿಯವು, ಜಾಸ್ತಿ ಸಂಖ್ಯೆಯಲ್ಲಿ ಬಂದವು, ಬೆಲೆ ಅದಕ್ಕಿಂತ ಕಮ್ಮಿ. ಒಂದು ಕಾಲಕ್ಕೆ ರೆಕ್ಕೆ, ಅಗಲ ಟೈರು ಇದ್ದದ್ದೇ ಎಲ್ಲರಿಗೂ ಬೇಕಿತ್ತು. ಈಗ ಏನೂ ಹಚ್ಚದ, ಏನೂ ಸೇರಿಸದ ಮೊದಲ ಕಾರನ್ನು ಹುಡುಕುತ್ತಾರೆ. ಗಾಂದಿನಿ ಬರೆದ ಗೆರೆ ಅದರಲ್ಲಿ ಪೂರ್ತಿ ಕಾಣುತ್ತದೆ.

ಕಣ್ಣಾರೆ ನೋಡಬೇಕು. ಎಲ್ಲಿಗೆ ಹೋಗಬೇಕು? ನೋಡಿದರೆ ಏನು ಗಮನಿಸಬೇಕು?

ಇಟಲಿಯ ಬೊಲೊನ್ಯಾ ಹತ್ತಿರ ಸಾಂತಾಗಾತಾ ಅನ್ನುವ ಸಣ್ಣ ಊರಲ್ಲಿ ಲ್ಯಾಂಬೊರ್ಗಿನಿ ಫ್ಯಾಕ್ಟರಿ ಇದೆ, ಪಕ್ಕದಲ್ಲೇ ಮ್ಯೂಸಿಯಂ. ಸುತ್ತ ಹೊಲಗಳು. ಇಂಥ ಕಾರು ಇಂಥ ಊರಲ್ಲಿ ಹುಟ್ಟಿತಾ ಅನ್ನಿಸುತ್ತದೆ. ಅಲ್ಲಿಂದ ಸ್ವಲ್ಪ ದೂರದ ಫೂನೊದಲ್ಲಿ ಫೆರುಚ್ಚೊ ಅವರ ಹೆಸರಿನ ಇನ್ನೊಂದು ಮ್ಯೂಸಿಯಂ ಇದೆ. ಟ್ರ್ಯಾಕ್ಟರ್‌ಗಳನ್ನು ನೋಡಲು ಅಲ್ಲಿಗೆ ಹೋಗಬೇಕು.

ಕಾರಿನ ಎದುರು ನಿಂತಾಗ ಮೊದಲು ಬಾಗಿಲು ನೋಡಬೇಡಿ, ಎಲ್ಲರೂ ಅದನ್ನೇ ನೋಡುತ್ತಾರೆ. ಹಿಂದಿನ ಚಕ್ರದ ಹತ್ತಿರ ಹೋಗಿ. ಮುಂದಿನ ಚಕ್ರದ ಮೇಲಿನ ಕಮಾನು ದುಂಡಗಿದೆ. ಹಿಂದಿನದು ದುಂಡಗಿಲ್ಲ. ಮೇಲಿನ ಅಂಚನ್ನು ಓರೆಯಾಗಿ, ಕತ್ತರಿಯಲ್ಲಿ ಕತ್ತರಿಸಿದ ಹಾಗೆ, ಹಿಂದಕ್ಕೆ ಎಳೆದಿದ್ದಾರೆ. ನಿಂತ ಕಾರು ಈಗ ತಾನೇ ಮುಂದಕ್ಕೆ ನೆಗೆಯಲು ಕಾಲು ಮಡಚಿದ ಹಾಗೆ ಕಾಣುವುದು ಆ ಒಂದು ಓರೆ ಗೆರೆಯಿಂದ. ಗಾಂದಿನಿ ಆ ಗೆರೆಯನ್ನು ಮುಂದೆ ಬೇರೆ ಕಾರುಗಳಲ್ಲೂ ಬರೆದರು, ಅವರ ಸಹಿ ಇದ್ದ ಹಾಗೆ.

ನಾನು ಹೋದಾಗ ಒಂದು ಹಸಿರು ಎಲ್‌ಪಿ 400 ಎದುರು ಮೊಣಕಾಲೂರಿ ಕೂತಿದ್ದೆ. ಅಷ್ಟು ಕೆಳಗೆ ಕೂತರೆ ಮಾತ್ರ ಅದರ ಕಣ್ಣಿಗೆ ಕಣ್ಣು ಸೇರುತ್ತದೆ. ಆ ಎತ್ತರದಿಂದ ನೋಡಿದರೆ ಅಲ್ಯೂಮಿನಿಯಂ ತಗಡು ಕನ್ನಡಿಯಷ್ಟು ಸಪಾಟಾಗಿಲ್ಲ ಅನ್ನುವುದು ಗೊತ್ತಾಗುತ್ತದೆ. ಚಾವಣಿಯ ದೀಪದ ಬೆಳಕು ಬಾಗಿಲ ಮೇಲೆ ಬಿದ್ದು, ಒಂದು ಕಡೆ ಕೂದಲೆಳೆಯಷ್ಟು ಅಲುಗಿದ ಹಾಗೆ ಕಾಣುತ್ತಿತ್ತು. ಅಲ್ಲಿ ಯಾರೋ ಒಬ್ಬರು ಸುತ್ತಿಗೆ ಹಿಡಿದು, ತಟ್ಟಿ, ಕೈ ಸವರಿ ನೋಡಿ, ಮತ್ತೆ ತಟ್ಟಿದ್ದಾರೆ.